ಕೊಟ್ಟ ಮರಿಗಳು ವಾಪಸ್ ಬರ್ತಿದ್ರೆ

ಪುಣೆಯ ನಿಮ್ಮ ಶೆಲ್ಟರ್‌ನಿಂದ ದತ್ತು ಹೋದ ನಾಯಿಮರಿಗಳು ತಿಂಗಳೊಳಗೆ ವಾಪಸ್ ಬರುತ್ತಿವೆ, ಒಯ್ದವರಲ್ಲಿ ಜಾಸ್ತಿ ಜನ ಹಿಂಜವಡಿ, ವಾಕಡ್ ಕಡೆಯ ಬಾಡಿಗೆ ಮನೆಯವರು ಅಂದಿದ್ದೀರಿ. ಬಹುಶಃ ಮನೆ ಮಾಲೀಕರನ್ನು ಕೇಳದೇ ತಂದಿರುತ್ತಾರೆ. ಅಪಾರ್ಟ್‌ಮೆಂಟ್ ಸೊಸೈಟಿಯವರು ನಾಯಿ ಸಾಕಲೇಬಾರದು ಅನ್ನುವಂತಿಲ್ಲ, ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯೇ ಇದೆ. ಆದರೆ ಮಾಲೀಕರು ಮುನಿಸಿಕೊಂಡರೆ 11 ತಿಂಗಳ ಬಾಡಿಗೆ ಕರಾರು ಮುಂದುವರಿಯಲ್ಲ, ಅಲ್ವಾ?

ಮರಿ ತೋರಿಸುವ ಮುಂಚೆಯೇ ಮಾಲೀಕರ ಒಪ್ಪಿಗೆ ತರಿಸಿಕೊಳ್ಳಿ, ವಾಟ್ಸಾಪ್ ಮೆಸೇಜಾದರೂ ಸಾಕು. ಮರಿಯನ್ನು ಎತ್ತಿಕೊಂಡ ಮೇಲೆ ಯಾರೂ ನಿಜ ಹೇಳಲ್ಲ.

ಆಮೇಲೆ ಮನೆಗೆ ಹೋಗಿ ನೋಡಿ. ಬಾಲ್ಕನಿ ಸರಳುಗಳ ನಡುವೆ ನಿಮ್ಮ ಮುಷ್ಟಿ ಸಲೀಸಾಗಿ ತೂರಿದರೆ ಸಣ್ಣ ಮರಿಯ ತಲೆಯೂ ತೂರೀತು. ಜಾಲರಿ ಹಾಕಿಸಿದ ಮೇಲೇ ಕೊಡಿ. ಊರಿಗೆ ಹೋದಾಗ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ. ಗಣಪತಿ ಹಬ್ಬಕ್ಕೆ ಬೆಳಗಾವಿ, ಹುಬ್ಬಳ್ಳಿ ಬಸ್ ಹತ್ತುವ ನಮ್ಮ ಕನ್ನಡದವರನ್ನೂ ಕೇಳದೆ ಬಿಡಬೇಡಿ. ತಡವರಿಸಿದರೆ ಸುಮ್ನೆ ಮುಂದಿನವರನ್ನು ನೋಡಿ.

ಇಬ್ಬರೂ ಇಡೀ ದಿನ ಆಫೀಸಿನಲ್ಲಿರುವ ಮನೆಗೆ ಮರಿ ಕೊಡಲೇಬೇಡಿ. ಎರಡು ವರ್ಷ ದಾಟಿದ ಶಾಂತ ನಾಯಿ ತೋರಿಸಿ. ಮರಿಗೆ ಎರಡು-ಮೂರು ತಾಸಿಗೊಮ್ಮೆ ಉಚ್ಚೆಗೆ ಹೊರಗೆ ಹೋಗಬೇಕು, ಒಂಟಿಯಾದರೆ ಅಳುತ್ತದೆ, ಪಕ್ಕದ ಮನೆಯ ದೂರು ಅಲ್ಲಿಂದಲೇ ಶುರು.

ಕೊಡುವಾಗ ಲಸಿಕೆ ಕಾರ್ಡ್ ಮೇಲೆ ಮುಂದಿನ ತಾರೀಖು ದೊಡ್ಡದಾಗಿ ಬರೆದುಕೊಡಿ. ಪಾರ್ವೊ (ಮರಿಗಳ ಜೀವ ತೆಗೆಯಬಲ್ಲ ವಾಂತಿ-ಭೇದಿ ರೋಗ) ಲಸಿಕೆ 6–8 ವಾರಕ್ಕೆ ಶುರುವಾಗಿ 16 ವಾರದವರೆಗೂ ಬೂಸ್ಟರ್ ಬೇಕು. ಮೊದಲ ವಾರ ನೀವೇ ಒಂದೆರಡು ಸಲ ಫೋನ್ ಮಾಡಿ, ರಾತ್ರಿ ಹೇಗಿತ್ತು ಅಂತ ಕೇಳಿ.