ಮಗನ ಆಟ, ತಾಯಿಯ ಸರ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ತಾಯಿಯೊಬ್ಬರ ಪತ್ರ ಓದಿದ ಮೇಲೆ ಈ ವಾರ ಬೇರೆ ಯಾವ ಪತ್ರಕ್ಕೂ ಉತ್ತರ ಬರೆಯಲು ಮನಸ್ಸಾಗಲಿಲ್ಲ.

ಅವರ ಮಗನಿಗೆ 22 ವರ್ಷ. ಮಂಗಳೂರಿನಲ್ಲಿ ಕೆಲಸ. ಸಂಬಳ ಬಂದ ವಾರ ಗೆಳೆಯರೊಟ್ಟಿಗೆ ಗೋವಾದ ರೈಲು ಹತ್ತುತ್ತಾನೆ, ಪಣಜಿಯಲ್ಲಿ ಮಾಂಡೋವಿ ನದಿಯ ಕ್ಯಾಸಿನೊ ಹಡಗಿಗೆ ಹೋಗುತ್ತಾನೆ. ಮೊದಲ ಸಲ 18,000 ರೂಪಾಯಿ ಗೆದ್ದಿದ್ದ. ಆಮೇಲೆ ಕಳೆದುಕೊಂಡದ್ದೇ ಜಾಸ್ತಿ. ಈ ಪ್ರಾಯದವರನ್ನು ಒಳಗೆ ಬಿಡುವುದೇ ತಪ್ಪು, 25 ಆಗದೆ ಬಿಡಬಾರದು ಎನ್ನುತ್ತಾರೆ ಅಪ್ಪ. ಕಾನೂನೇ ಬಿಡುತ್ತದೆ, ನೀವು ಲಾಟರಿ ತೆಗೆಯುವುದಿಲ್ವಾ ಎನ್ನುತ್ತಾನೆ ಮಗ. ಯಾರು ಸರಿ ಎಂದು ತಾಯಿ ಕೇಳಿದ್ದಾರೆ.

ಅಕ್ಕಾ, ಅಷ್ಟುದ್ದದ ಪತ್ರದಲ್ಲಿ ನೀವು ಹಗುರವಾಗಿ ದಾಟಿಸಿದ ಒಂದು ಸಾಲಿದೆ. "ಕಾರ್ಡಿನ ಬಿಲ್ಲಿಗೆ ಮಾತ್ರ ನನ್ನ ಸರ ಸೊಸೈಟಿಯಲ್ಲಿ ಅಡವಿಟ್ಟು ಕಟ್ಟಿದೆ, ಅವರಿಗೆ ಗೊತ್ತಿಲ್ಲ." ನಾನು ಉತ್ತರ ಬರೆಯುತ್ತಿರುವುದು ಆ ಸಾಲಿಗೆ.

ಗೋವಾದ ಕ್ಯಾಸಿನೊಗಳಲ್ಲಿ 21 ತುಂಬಿದವರು ಆಡಬಹುದು. ಹಾಗಾಗಿ ಮಗ ಹೇಳಿದ್ದು ಸುಳ್ಳಲ್ಲ. ನನ್ನನ್ನು ಕೇಳಿದರೆ, ಓಟು ಹಾಕುವ, ಮದುವೆಯಾಗುವ ಪ್ರಾಯ ಬಂದವನಿಗೆ ತನ್ನ ಸಂಬಳ ಕಳೆದುಕೊಳ್ಳುವ ಹಕ್ಕೂ ಇದೆ. ಆದರೆ ಸೋತದ್ದನ್ನು ತುಂಬುವುದೂ ಅವನ ಪಾಲಿಗೇ ಬರಬೇಕು. ಅಮ್ಮನ ಚಿನ್ನದಿಂದ ಸಾಲ ತೀರಿಸಿಕೊಳ್ಳುವವನಿಗೆ ಸರ್ಕಾರ 21 ಇಟ್ಟರೇನು, 25 ಇಟ್ಟರೇನು? ಅಪ್ಪನ ಲಾಟರಿಯಲ್ಲಿ ಟಿಕೆಟ್ಟಿನ ಬೆಲೆಗಿಂತ ಒಂದು ರೂಪಾಯಿ ಜಾಸ್ತಿ ಹೋಗುವುದಿಲ್ಲ, ಅದೂ ಅವರ ಜೇಬಿನದ್ದು. ಕೇರಳ ಸರ್ಕಾರ 1967ರಿಂದ ಲಾಟರಿ ಮಾರುತ್ತಿರುವುದು ನನಗೇನೂ ಇಷ್ಟವಿಲ್ಲ, ಆ ಮಾತು ಇನ್ನೊಮ್ಮೆಗಿರಲಿ.

ರೂಲೆಟ್ ಎಂಬ ಚಕ್ರದ ಆಟದ ಲೆಕ್ಕ ಹಿಡಿದಿದ್ದೇನೆ ಎನ್ನುತ್ತಾನಂತೆ ನಿಮ್ಮ ಮಗ. ಲೆಕ್ಕ ಇಲ್ಲಿದೆ. ಒಂದು ಸೊನ್ನೆ ಇರುವ ಚಕ್ರದಲ್ಲಿ 37 ಮನೆ. ಒಂದೊಂದಕ್ಕೂ 100 ರೂಪಾಯಿ ಇಟ್ಟರೆ 3,700 ಆಯಿತು. ಯಾವುದಾದರೂ ಒಂದು ಮನೆ ಗೆದ್ದೇ ಗೆಲ್ಲುತ್ತದೆ. ಆದರೂ ಕೈಗೆ ವಾಪಸ್ ಬರುವುದು 3,600. ಉಳಿದ 100 ಹಡಗಿನವರಿಗೆ. ಎರಡು ಸೊನ್ನೆಯ ಚಕ್ರವಾದರೆ 200. ಒಂದೆರಡು ಸಲ ಗೆಲ್ಲಬಹುದು, ಕುಳಿತೇ ಇದ್ದರೆ ಹಣ ಹೋಗಲೇಬೇಕು. ಹಡಗಿನ ಟಿಕೆಟ್ಟಿನಲ್ಲೇ ಊಟ, ಕುಡಿತ, ಹಾಡು, ಕುಣಿತ ಎಲ್ಲ ಸೇರಿಸಿ ಕೊಡುವುದು ಸುಮ್ನೆ ಅಲ್ಲ. ಎದ್ದು ಹೋಗಬಾರದು, ಅಷ್ಟೇ.

ಇನ್ನೊಂದು ಸಂಗತಿ ಅವನಿಗೆ ಓದಿ ಹೇಳಿ. 2020ರ ಫೆಬ್ರವರಿಯಿಂದ ಗೋವಾ ಸರ್ಕಾರ ಗೋವಾದವರೇ ಈ ಕ್ಯಾಸಿನೊಗಳಲ್ಲಿ ಆಡದಂತೆ ತಡೆದಿದೆ. ತನ್ನ ಊರಿನವರು ಹಾಳಾಗಬಾರದು ಎಂದು ಕಂಡ ಸರ್ಕಾರಕ್ಕೆ ಬೇರೆ ಊರಿನ ಮಕ್ಕಳ ಚಿಂತೆ ಬೇಡವೇ? ನನಗಿದು ತೀರಾ ಅನ್ಯಾಯ ಅನಿಸುತ್ತದೆ.

ಹುಡುಗನನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋದದ್ದು ನಿಮ್ಮ ತಮ್ಮ. "ಪಾಪ, ಅಳಿಯನಿಗೆ ಕೆಲಸ ಸಿಕ್ಕಿದ ಖುಷಿಗೆ" ಎಂದು ಬರೆದಿದ್ದೀರಿ. ಪಾಪ ಎಂಥದ್ದು ಅಕ್ಕಾ? ಆ 18,000ದ ಸುದ್ದಿಯನ್ನು ನೆಂಟರ ಮನೆಯ ಪೂಜೆಯಲ್ಲಿ ಹೊಗಳಿ ಹೇಳಿದ್ದೂ ಅವರೇ. ಈಗ ಫೋನ್ ಎತ್ತುವುದಿಲ್ಲ. ನನಗೆ ಹುಡುಗನಿಗಿಂತ ಈ ಸೋದರಮಾವನ ಮೇಲೆ ಸಿಟ್ಟು ಜಾಸ್ತಿ.

ಮನೆಯ ಸಾಲ ಮನೆಯವರೆಲ್ಲರಿಗೂ ಗೊತ್ತಿರಬೇಕು. ಇದನ್ನು ಹಿಂದೆಯೂ ಇಲ್ಲಿ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಗುಟ್ಟಿನಲ್ಲಿ ಬಿಲ್ಲು ಕಟ್ಟಿದಾಗ ಮಗನಿಗೆ ಸಿಕ್ಕಿದ್ದು ಧೈರ್ಯ, ಸೋತರೂ ಅಮ್ಮ ಇದ್ದಾಳೆ ಅಂತ. ಪ್ರೀತಿಯಿಂದಲೇ ಕಟ್ಟಿದ್ದೀರಿ, ಗೊತ್ತು. ಅಲ್ಲಿ ಸರದ ಮೇಲೆ ಬಡ್ಡಿ ಏರುತ್ತಿದೆ.

ಆಡದೆ ಇರಲಿಕ್ಕೇ ಆಗುವುದಿಲ್ಲ ಎಂದು ಅವನ ಬಾಯಿಂದ ಬಂದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಅವನೇ ಫೋನ್ ಮಾಡಲಿ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ನಿಮ್ಮ ಕೆಲಸ ಒಂದೇ. ಈ ಭಾನುವಾರ ಮಗನನ್ನು ಮನೆಗೆ ಕರೆಸಿ. ಯಜಮಾನರ ಎದುರಿನಲ್ಲೇ ಅಡವಿನ ಚೀಟಿ ಅವನ ಕೈಗೆ ಕೊಡಿ. ಅಸಲು, ಬಡ್ಡಿ ಎರಡನ್ನೂ ಅವನೇ ಕಟ್ಟಿ ಸರ ಬಿಡಿಸಿ ತರಬೇಕು. ಅಲ್ಲಿವರೆಗೆ ಇನ್ನೊಂದು ರೂಪಾಯಿ ಕೊಡಬೇಡಿ, ಅತ್ತರೂ ಕೊಡಬೇಡಿ. ಯಜಮಾನರು ನಿಮ್ಮ ಮೇಲೂ ರೇಗಬಹುದು, ನಾಲ್ಕು ದಿನ ಮಾತು ಬಿಡಬಹುದು. ಬಿಡಲಿ, ನೀವು ಚೀಟಿ ಕೊಡಿ.