ಸಸ್ಯೋದ್ಯಾನಕ್ಕೆ ಅರ್ಧ ದಿನ ಸಾಕೇ ಎಂದು ಕೇಳಿದವರಿಗೆ

ವಾರಾಂತ್ಯಕ್ಕೆ ಗಂಡ ಹೆಂಡತಿ ಇಬ್ಬರೇ ಒಂದು ಸಣ್ಣ ಊರಿಗೆ ಹೋಗುತ್ತಿದ್ದೇವೆ, ಅಲ್ಲಿನ ಸಸ್ಯೋದ್ಯಾನಕ್ಕೆ ಅರ್ಧ ದಿನ ಸಾಕಲ್ಲವೇ, ಉಳಿದ ಹೊತ್ತಿನಲ್ಲಿ ಇನ್ನೇನು ನೋಡಬಹುದು ಎಂದು ಕೇಳಿದ್ದೀರಿ. ಆ 'ಇನ್ನೇನು' ಎಂಬುದೇ ನನ್ನನ್ನೂ ಕೆಡಿಸಿದ್ದು.

ಎರಡು ದಿನ ಆರಾಮವಾಗಿ ಇದ್ದು ಬರೋಣ ಎಂದವರು ನಮ್ಮವರು. ಆ ಆರಾಮಕ್ಕೂ ವೇಳಾಪಟ್ಟಿ ಹಾಕಿದವಳು ನಾನು. ಶನಿವಾರ ಮಧ್ಯಾಹ್ನದ ಮೇಲೆ ತೋಟ. ಭಾನುವಾರ ವಸ್ತುಸಂಗ್ರಹಾಲಯ, ಗುಡ್ಡದ ತುದಿ, ಪೇಟೆ ಬೀದಿ, ನಾಲ್ಕು ಗಂಟೆಗೆ ಬಸ್.

ತೋಟದೊಳಗೆ ಹೋದವರೇ ಅವರು ಮೊದಲು ಕಂಡ ಬೆಂಚಿನ ಮೇಲೆ ಕುಳಿತುಬಿಟ್ಟರು. ನಾನು ಮರಕ್ಕೊಂದರಂತೆ ಇದ್ದ ಫಲಕಗಳನ್ನು ಓದುತ್ತಾ ಸುತ್ತಿದೆ. ಮತ್ತೆ ಒಟ್ಟಿಗೆ ನಿಂತದ್ದು ಕೊಳದ ಬಳಿ. ಅಲ್ಲಿ ವಿಕ್ಟೋರಿಯಾ ಅಮೆಜೋನಿಕಾ ಎಂಬ ದೈತ್ಯ ನೈದಿಲೆ ಇತ್ತು. ಅಂಚು ಮೇಲಕ್ಕೆ ಮಡಿಸಿದ, ದೊಡ್ಡ ಪರಾತದಂಥ ಎಲೆಗಳು. ತೋಟದ ಕೆಲಸದವರೊಬ್ಬರು ಕೋಲಿನಿಂದ ಎಲೆಯ ಅಂಚನ್ನು ಎತ್ತಿ ತಳ ತೋರಿಸಿದರು. ನೇರಳೆ ಬಣ್ಣ, ಬೆರಳು ಗಾತ್ರದ ನರಗಳು, ಅವುಗಳ ಉದ್ದಕ್ಕೂ ಮುಳ್ಳು. ಬೀಗ ಹಾಕುವ ಹೊತ್ತಿಗೆ ಒಂದು ಮೊಗ್ಗು ಬಿರಿಯತೊಡಗಿತು. ಅಚ್ಚ ಬಿಳುಪು, ದಡದವರೆಗೂ ಅನಾನಸಿನ ಪರಿಮಳ.

"ನಾಳೆ ಸಂಜೆಯೂ ಬನ್ನಿ ಅಮ್ಮ, ಇದೇ ಹೂವು ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ" ಎಂದರು ಅವರು. ನಮ್ಮವರು ನನ್ನ ಮುಖ ನೋಡಿದರು. "ನೋಡಿದ್ದನ್ನೇ ಎಷ್ಟು ಸಲ ನೋಡುವುದು" ಎಂದೆ.

ನನ್ನ ತಪ್ಪು ಏನೆಂದು ಸರಿಯಾಗಿ ಹೇಳಬೇಕು, ಏಕೆಂದರೆ ಕೇಳಿದವರೆಲ್ಲ ಟಿಕೆಟ್ ಮೊದಲೇ ತೆಗೆದದ್ದು ತಪ್ಪು ಎಂದುಕೊಳ್ಳುತ್ತಾರೆ. ಅದಲ್ಲ. ಟಿಕೆಟ್ ರದ್ದು ಮಾಡಬಹುದಿತ್ತು. ರಾತ್ರಿಗೆ ಇನ್ನೊಂದು ಬಸ್ ಇತ್ತು. ಇರುವುದು ನನಗೆ ಗೊತ್ತೂ ಇತ್ತು. ಮರುದಿನ ಕಚೇರಿ ಇದೆ ಎಂಬುದೂ ನೆಪ, ತಡವಾಗಿ ಹೋದರೆ ಆಕಾಶ ಬೀಳುತ್ತಿರಲಿಲ್ಲ. ಪಟ್ಟಿಯಲ್ಲಿ ತೋಟದ ಹೆಸರಿನ ಮುಂದೆ ಆಗಲೇ 'ಆಯಿತು' ಎಂದು ಗುರುತು ಹಾಕಿದ್ದೆ, ತಪ್ಪು ಅದು. ವಸ್ತುಸಂಗ್ರಹಾಲಯದ ವಿಗ್ರಹ ಶನಿವಾರ ಹೇಗಿತ್ತೋ ಭಾನುವಾರವೂ ಹಾಗೆಯೇ ಇರುತ್ತದೆ. ತೋಟವನ್ನೂ ಅದೇ ಲೆಕ್ಕಕ್ಕೆ ಸೇರಿಸಿದೆ. ಪಕ್ಕದಲ್ಲಿ ನಿಂತಿದ್ದ ಮನುಷ್ಯನಿಗೆ ಏನು ಬೇಕಾಗಿತ್ತು ಎಂದು ಕೇಳಲೂ ಇಲ್ಲ.

ಭಾನುವಾರ ಸುಡುಬಿಸಿಲಿನಲ್ಲಿ ಗುಡ್ಡ ಹತ್ತಿ ಇಳಿದೆವು. ವಸ್ತುಸಂಗ್ರಹಾಲಯದ ಅರ್ಧ ಕೋಣೆಗಳಿಗೆ ಬೀಗ. ಬಸ್ಸಿನಲ್ಲಿ ನಮ್ಮವರು ಕಿಟಕಿಯ ಕಡೆ ಮುಖ ಮಾಡಿ ಕುಳಿತರು, ಮಾತಿಲ್ಲ. ನಾನು ಮೊಬೈಲಿನಲ್ಲಿ ಆ ಹೂವಿನ ಬಗ್ಗೆ ಓದಿದೆ, ಓದಿ ಇನ್ನಷ್ಟು ಸಂಕಟಪಟ್ಟೆ.

ಅದರ ಆಯುಷ್ಯ ಎರಡೇ ರಾತ್ರಿ. ಮೊದಲ ಸಂಜೆ ಹೆಣ್ಣಾಗಿ, ಬೆಳ್ಳಗೆ ಅರಳುತ್ತದೆ. ಒಳಗೆ ಶಾಖ ಹುಟ್ಟಿಸಿ, ಪರಿಮಳ ಬೀರಿ ದುಂಬಿಗಳನ್ನು ಕರೆಯುತ್ತದೆ. ಅವು ಒಳಗಿರುವಾಗಲೇ ದಳ ಮುಚ್ಚುತ್ತದೆ. ಮರುಸಂಜೆ ಗಂಡಾಗಿ, ಗುಲಾಬಿ ಬಣ್ಣದಲ್ಲಿ ತೆರೆದು, ಪರಾಗ ಮೆತ್ತಿಕೊಂಡ ದುಂಬಿಗಳನ್ನು ಬಿಟ್ಟುಕೊಡುತ್ತದೆ. ಆಮೇಲೆ ನೀರಿಗಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಇದನ್ನು ಮೊದಲು ಅರಳಿಸಿದವರು ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್, 1849ರಲ್ಲಿ. ಎಲೆ ಎಷ್ಟು ಗಟ್ಟಿ ಎಂದು ತೋರಿಸಲು ತಮ್ಮ ಪುಟ್ಟ ಮಗಳನ್ನೇ ಅದರ ಮೇಲೆ ನಿಲ್ಲಿಸಿದ್ದರು. ಇದೇ ಕುಲದ ಇನ್ನೊಂದು ಜಾತಿಯ ಒಣ ಮಾದರಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಸಂಗ್ರಹದಲ್ಲಿ 177 ವರ್ಷ ಬೇರೆ ಹೆಸರಿನಲ್ಲೇ ಇತ್ತು. ಅದು ಹೊಸ ಜಾತಿ ಎಂದು ಪ್ರಕಟವಾದದ್ದು 2022ರಲ್ಲಿ. ಪಂಡಿತರಿಗೇ ಅಷ್ಟು ಕಾಲ ಬೇಕಾಯಿತು, ನಾನು ಒಂದು ಮಧ್ಯಾಹ್ನದಲ್ಲಿ ಮುಗಿಸಿಬಂದಿದ್ದೆ!

ಆಮೇಲೊಮ್ಮೆ ಚಳಿಗಾಲದಲ್ಲಿ ಮತ್ತೆ ಹೋದೆವು. ಕೊಳ ಖಾಲಿ. ಚಳಿಯಿರುವ ಕಡೆ ಆ ಗಿಡವನ್ನು ವರ್ಷವರ್ಷವೂ ಬೀಜದಿಂದಲೇ ಬೆಳೆಸಬೇಕಂತೆ. ನಮ್ಮವರು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಆದ್ದರಿಂದ ಅರ್ಧ ದಿನ ಸಾಕೇ ಎಂಬುದಕ್ಕೆ ನಾನು ಉತ್ತರ ಕೊಡುವುದಿಲ್ಲ; ಪ್ರಶ್ನೆಯೇ ಸರಿಯಿಲ್ಲ. ಎರಡೂ ದಿನ ಅದೇ ತೋಟಕ್ಕೆ ಹೋಗಿ. ಒಂದು ದಿನ ಬಾಗಿಲು ತೆರೆಯುವಾಗ, ಇನ್ನೊಂದು ದಿನ ಮುಚ್ಚುವ ಹೊತ್ತಿಗೆ. ನೈದಿಲೆ ಅರಳಿದ್ದರೆ ಎರಡೂ ಸಂಜೆ. ಹೊರಡುವ ಮೊದಲು ತೋಟದ ಕಚೇರಿಗೆ ಫೋನ್ ಮಾಡಿ, ಯಾವುದು ಹೂಬಿಟ್ಟಿದೆ, ಎಷ್ಟು ಗಂಟೆಗೆ ಬಾಗಿಲು ಹಾಕುತ್ತೀರಿ ಎಂದು ಕೇಳಿ. ಕೆಲವು ತೋಟಗಳು ಇಂಥ ಹೂವು ಅರಳಿದಾಗ ಸಂಜೆ ಹೆಚ್ಚು ಹೊತ್ತು ತೆರೆದಿರುತ್ತವೆ. ಗುಡ್ಡ ಹತ್ತುವವರು ಹತ್ತಲಿ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ಗಿಡಗಳ ಹುಚ್ಚಿಲ್ಲದಿದ್ದರೆ ಅವರನ್ನು ಬೆಂಚಿನಿಂದ ಎಬ್ಬಿಸಬೇಡಿ. ಹಿಂದಿರುಗುವ ಟಿಕೆಟ್ ಮಾತ್ರ ಕೊನೆಯ ಬಸ್ಸಿನದೇ ಇರಲಿ.