ಪಾಠದ ಮಧ್ಯೆ ಅಪ್ಪು ಸುದ್ದಿ ಬಂದ ಶುಕ್ರವಾರ

ಪಾಠ ನಡೆಯುವಾಗಲೇ ಸಾವಿನ ಸುದ್ದಿ ಬಂದರೆ ಮಕ್ಕಳಿಗೆ ಹೇಳ್ತೀರಾ, ಮನೆಗೆ ಹೋಗಿ ತಿಳ್ಕೊಳ್ಳಲಿ ಅಂತ ಬಿಡ್ತೀರಾ ಅಂತ ಕೇಳಿದ್ದೀರಿ. ನಾನು ಹೇಳಿದೆ. ಹೇಳುವುದೇ ಸರಿ ಅಂತ ಈಗಲೂ ನಂಬಿದ್ದೇನೆ.

ನಾನು ಚಾಮರಾಜನಗರದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅಣ್ಣಾವ್ರ ಗಾಜನೂರು ನಮಗೇನೂ ದೂರವಲ್ಲ. ಇಲ್ಲಿ ಆ ಮನೆಯವರೆಂದರೆ ಸಿನಿಮಾದವರು ಅನ್ನುವುದಕ್ಕಿಂತ ನಮ್ಮ ಕಡೆಯವರು ಅನ್ನುವುದೇ ಜಾಸ್ತಿ. 2021ರ ಅಕ್ಟೋಬರ್ 28ಕ್ಕೆ, ರಾಜ್ಯೋತ್ಸವದ ಲೆಕ್ಕದಲ್ಲಿ, ಬೆಳಿಗ್ಗೆ 11 ಗಂಟೆಗೆ ಇಡೀ ರಾಜ್ಯದಲ್ಲಿ ಒಟ್ಟಿಗೆ ಕನ್ನಡ ಹಾಡು ಹಾಡುವ ಸರ್ಕಾರದ ಕಾರ್ಯಕ್ರಮ ಇತ್ತು. ಮೂರು ಹಾಡಿನಲ್ಲಿ ಒಂದು ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’, ಅಣ್ಣಾವ್ರು ಹಾಡಿದ್ದು. ಕೊರೊನಾ ರಜೆ ಮುಗಿಸಿ ಬಂದಿದ್ದ ಮಕ್ಕಳು ಮಾಸ್ಕ್ ಕೆಳಗಿಳಿಸಿಕೊಂಡು ಗಂಟಲು ಬಿರಿಯುವ ಹಾಗೆ ಹಾಡಿದ್ದರು.

ಮಾರನೇ ದಿನ ಶುಕ್ರವಾರ. ಶಿವಣ್ಣನ ‘ಭಜರಂಗಿ 2’ ಅವತ್ತೇ ಬಿಡುಗಡೆ, ಹುಡುಗರದ್ದು ಬೆಳಿಗ್ಗೆಯಿಂದ ಅದೇ ಮಾತು. ಊಟದ ಹೊತ್ತಿಗೆ ಅಪ್ಪುನ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಸ್ಟಾಫ್ ರೂಮಿನಲ್ಲಿ ಗುಸುಗುಸು ಶುರುವಾಯಿತು. ವಾಟ್ಸಾಪ್‌ನಲ್ಲಿ ಒಬ್ಬರು ಹೋದರು ಅಂತಾರೆ, ಇನ್ನೊಬ್ಬರು ಇಲ್ಲ, ಹುಷಾರಾಗಿದ್ದಾರೆ ಅಂತಾರೆ. ನಾನು ಹತ್ತನೇ ಕ್ಲಾಸಿಗೆ ಹೋಗಿ ರೋಧಕಗಳ ಸಮಾಂತರ ಜೋಡಣೆ ಬರೆಯತೊಡಗಿದೆ. ಹಿಂದಿನ ಬೆಂಚಿನ ಒಬ್ಬ ಎದ್ದು ‘ಮಿಸ್, ಅಪ್ಪುಗೆ ಏನಾಯ್ತಂತೆ?’ ಅಂದ. ‘ಆಸ್ಪತ್ರೆಯಲ್ಲಿದ್ದಾರೆ, ಅಷ್ಟೇ ನನಗೂ ಗೊತ್ತಿರೋದು. ಬೇರೆ ಏನಾದರೂ ಗೊತ್ತಾದರೆ ನಾನೇ ಹೇಳ್ತೀನಿ’ ಅಂದೆ. ಮಾತು ಕೊಟ್ಟ ಮೇಲೆ ಹೇಳದೆ ಇರೋಕಾಗಲ್ಲ, ಅಲ್ವಾ?

ಎರಡೂವರೆ ದಾಟಿರಬೇಕು. ಪಿ.ಟಿ. ಮೇಷ್ಟ್ರು ಬಾಗಿಲಿಗೆ ಬಂದರು. ಏನೂ ಮಾತಾಡಲಿಲ್ಲ, ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದರು. ಆಸ್ಪತ್ರೆಯವರೇ ಹೇಳಿಬಿಟ್ಟಿದ್ದರು. ನಾನು ಡಸ್ಟರ್ ಮೇಜಿನ ಮೇಲಿಟ್ಟು, ಸುತ್ತಿಬಳಸದೆ ‘ಪುನೀತ್ ರಾಜ್‌ಕುಮಾರ್ ತೀರಿಕೊಂಡಿದ್ದಾರೆ. ಹೃದಯದ ತೊಂದರೆಯಿಂದ ಅಂತೆ’ ಅಂದೆ. ‘ನಮ್ಮನ್ನು ಅಗಲಿದ್ದಾರೆ’ ಅಂತೆಲ್ಲ ಹೇಳಲು ಹೋದರೆ ಮಕ್ಕಳು ಅರ್ಥಕ್ಕಾಗಿ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುತ್ತಾರೆ. ನೇರವಾಗಿ ಹೇಳಿದರೆ ಅಳು ನೇರವಾಗಿ ಬರುತ್ತದೆ. ಬಂತು ಕೂಡ. ಹುಡುಗಿಯರಿಗಿಂತ ಹುಡುಗರೇ ಜಾಸ್ತಿ ಅತ್ತರು. ಒಬ್ಬ ಬೆಂಚಿನ ಮೇಲೆ ತಲೆಯಿಟ್ಟವನು ಏಳಲೇ ಇಲ್ಲ, ಅವನ ಪಕ್ಕದವನು ಸುಮ್ಮನೆ ಅವನ ಬೆನ್ನು ಸವರುತ್ತಾ ಕೂತಿದ್ದ. ನಾನೂ ಅತ್ತೆ. ಟೀಚರ್ ಅಳಬಾರದು ಅಂತ ಕೆಲವರು ಹೇಳ್ತಾರೆ, ನನಗೆ ಆ ಮಾತು ಒಪ್ಪಿಗೆಯಿಲ್ಲ.

ಎಚ್.ಎಂ.ಗೆ ಬೇರೆಯೇ ಭಯ. 2006ರಲ್ಲಿ ಅಣ್ಣಾವ್ರು ಹೋದಾಗ ಬೆಂಗಳೂರಿನಲ್ಲಿ ಗಲಾಟೆಯಾಗಿ ಜನ ಸತ್ತಿದ್ದು ಅವರಿಗೆ ನೆನಪಿತ್ತು. ಬಸ್ಸು ನಿಂತರೆ ಹಳ್ಳಿ ಮಕ್ಕಳ ಗತಿ? ಬೇಗ ಬಿಟ್ಟು, ಸ್ಟಾಪಿನವರೆಗೂ ನಾವೇ ಹೋಗಿ ಹತ್ತಿಸಿ ಬಂದೆವು.

ಆಮೇಲೆ ಶುರುವಾಗಿದ್ದು ಪ್ರಶ್ನೆಗಳು. ನಿಮಗೆ ನಿಜವಾಗಿ ಹೇಳಬೇಕಾಗಿರೋದು ಇದೇ. ಮಕ್ಕಳ ದುಃಖ ಮುಂದಿನ ವಾರ ಪ್ರಶ್ನೆಯಾಗಿ ಬರುತ್ತದೆ, ಆಗ ನಾವು ತಯಾರಿರಬೇಕು. ‘ಅಷ್ಟು ಎಕ್ಸರ್ಸೈಜ್ ಮಾಡೋರಿಗೆ 46ಕ್ಕೇ ಹೀಗೆ ಹೇಗೆ ಮಿಸ್?’ ಕಬಡ್ಡಿ ಆಡುತ್ತಿದ್ದ ಇಬ್ಬರು ಮೈದಾನಕ್ಕೆ ಇಳಿಯೋದೇ ಬಿಟ್ಟಿದ್ದರು. ದೊಡ್ಡವರೇ ಹೆದರಿ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಹೃದಯ ತೋರಿಸಿಕೊಳ್ಳಲು ಸಾಲುಗಟ್ಟಿದ್ದ ದಿನಗಳು ಅವು, ಇವರು ಮಕ್ಕಳು. ವ್ಯಾಯಾಮ ಅಪಾಯವನ್ನು ಕಮ್ಮಿ ಮಾಡುತ್ತೆ, ಪೂರ್ತಿ ತೆಗೆದುಹಾಕಲ್ಲ, ಹಾಗಂತ ಬಿಟ್ಟರೆ ಅಪಾಯ ಹೆಚ್ಚೇ ಆಗುತ್ತೆ ಅಂತ ಹೃದಯದ ರಕ್ತನಾಳಗಳ ಚಿತ್ರ ಬರೆದು ಹೇಳಿದೆ. ಅಪ್ಪುಗೆ ಏನಾಗಿತ್ತು ಅಂತ ಊಹೆ ಮಾಡಲು ಹೋಗಲಿಲ್ಲ.

ಇನ್ನೊಂದು ಪ್ರಶ್ನೆ ಅಪ್ಪು ದಾನವಾಗಿ ಕೊಟ್ಟ ಕಣ್ಣಿನದು. ‘ಎರಡು ಕಣ್ಣು ನಾಲ್ಕು ಜನಕ್ಕೆ ಹೇಗೆ ಆಯ್ತು ಮಿಸ್?’ ನಾರಾಯಣ ನೇತ್ರಾಲಯದವರು ಅವರ ಕಾರ್ನಿಯಾಗಳನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಗಳನ್ನು, ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ, ಯಾರಿಗೆ ಯಾವುದು ಹಾಳಾಗಿತ್ತೋ ಅದನ್ನೇ ಹಾಕಿದ್ದರು. ಇಡೀ ಕಣ್ಣುಗುಡ್ಡೆ ಹಾಕುತ್ತಾರೆ ಅಂತಲೇ ಮಕ್ಕಳು ತಿಳಿದಿದ್ದರು, ಬಹಳ ಪೋಷಕರೂ ಹಾಗೇ ಅಂದುಕೊಂಡಿದ್ದಾರೆ. ಆಮೇಲೆ ಕಣ್ಣಿನ ಪಾಠ ಬಂದಾಗ ಆ ಅಧ್ಯಾಯಕ್ಕೆ ನಾನು ಒತ್ತಾಯ ಮಾಡಬೇಕಾಗಲೇ ಇಲ್ಲ. ಕನ್ನಡಕ ಹಾಕೋರು ಕೊಡಬಹುದಾ, ಶುಗರ್ ಇರೋರು ಕೊಡಬಹುದಾ ಅಂತೆಲ್ಲ ಕೇಳಿದರು. ಕೊಡಬಹುದು. ಸತ್ತ ಆರು ಗಂಟೆಯೊಳಗೆ ತೆಗೆಯಬೇಕು, ಅಲ್ಲಿವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆಫ್ ಮಾಡಿರಬೇಕು ಅಂತ ಬೋರ್ಡಿನ ಮೇಲೆ ಬರೆದೆ. ಅವತ್ತು ಬೆಂಚಿನ ಮೇಲೆ ತಲೆಯಿಟ್ಟಿದ್ದ ಹುಡುಗ ಅದನ್ನು ನೋಟ್ಸಿನಲ್ಲಿ ಬರೆದುಕೊಂಡ, ಪರೀಕ್ಷೆಗೆ ಬರಲ್ಲ ಅಂತ ಗೊತ್ತಿದ್ದೂ.